ಮಲೆನಾಡಿನ ಅಂಗಳದ ಹೂಗಿಡ: ಅದು ಎಡೆ ಬದಲಿಸಿದ ಚರಿತ್ರೆ

ಅರಸರ ಚರಿತ್ರೆಗೆ ಶಾಸನಗಳ ಆಧಾರವುಂಟು. ಮಠಮಂದಿರಗಳ ಚರಿತ್ರೆಗೆ ಕಡತಗಳೂ ಸನ್ನದುಗಳೂ ಉಂಟು. ಸಾಮಾನ್ಯ ಗೃಹಸ್ಥನ ಮನೆಯ ಚರಿತ್ರೆಗೆ ಮಾತ್ರ ಇಂಥ ಆಧಾರಗಳು ವಿರಳ. ಮನೆ ಹಳತಾದರೆ ಕೆಡವಿ ಹೊಸದನ್ನು ಕಟ್ಟುತ್ತಾರೆ. ಓಲೆಗರಿಗಳನ್ನು ಗೆದ್ದಲು ತಿನ್ನುತ್ತದೆ. ಹಿರಿಯರ ನೆನಪು ಹಿರಿಯರೊಡನೆಯೇ ಹೋಗುತ್ತದೆ. ಹೀಗಿದ್ದರೂ ಮಲೆನಾಡಿನ ಮನೆಗಳ ಮುಂದೆ ಒಂದು ಜೀವಂತವಾದ ದಾಖಲೆ ಉಳಿದುಬಂದಿದೆ. ಅದು ಅಂಗಳದ ಅಂಚಿನ ಹೂಗಿಡ. ಶಿವಮೊಗ್ಗೆ ಜಿಲ್ಲೆಯ ಪಶ್ಚಿಮಕ್ಕಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳಲ್ಲಿ ಹೂಗಿಡವು ಒಂದೆಡೆಯಿಂದ ಇನ್ನೊಂದೆಡೆಗೆ ಹೇಗೆ ಹೋಯಿತು, ಯಾರು ಅದನ್ನು ಒಯ್ದರು, ಒಯ್ದಾಗ ಅದು ಬದುಕುವಂತೆ ಏನು ಮಾಡಿದರು ಎಂಬುದನ್ನು ವಿಚಾರಿಸಿದರೆ, ಆ ನಾಡಿನ ಜನರ ಚರಿತ್ರೆಯೂ ಸ್ವಲ್ಪಮಟ್ಟಿಗೆ ತಿಳಿದುಬರುತ್ತದೆ. ಈ ಭಾಷಣದ ವಿಷಯ ಅದು.

ಮೊದಲು ಸ್ಥಳದ ವಿಚಾರ. ಈ ಮೂರು ತಾಲ್ಲೂಕುಗಳೂ ಪಶ್ಚಿಮಘಟ್ಟದ ನೆತ್ತಿಗೆ ಅಂಟಿಕೊಂಡಿವೆ. ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರ ಸಾಗರಗಳ ನೆಲವನ್ನು ಹಾದು ಜೋಗದಲ್ಲಿ ಧುಮುಕುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುತ್ತದೆ. ಇಷ್ಟು ಮಳೆ ತೊಳೆದ ನೆಲದಲ್ಲಿ ಸಾರವು ಮೇಲಿನ ತೆಳುವಾದ ಪದರದಲ್ಲಿ ಮಾತ್ರ ನಿಲ್ಲುತ್ತದೆ. ಅದರ ಕೆಳಗೆ ಕೆಮ್ಮಣ್ಣು, ಅದಕ್ಕೂ ಕೆಳಗೆ ಜಂಬಿಟ್ಟಿಗೆ. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿನ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿಲ್ಲ. ಒಂದೊಂದು ಮನೆಯೂ ತನ್ನ ಅಡಿಕೆಯ ತೋಟದ ಪಕ್ಕದಲ್ಲಿ, ತನ್ನ ಗದ್ದೆಯ ಮೇಲಣ ದಿಬ್ಬದಲ್ಲಿ ಒಂಟಿಯಾಗಿರುವುದೇ ಹೆಚ್ಚು. ಬೆಳಗಿನ ಪೂಜೆಗೆ ಹೂವು ಬೇಕಾದರೆ ಕೊಂಡು ತರಲು ಅಂಗಡಿಯಿಲ್ಲ, ಅಂಗಳದಲ್ಲಿಯೇ ಬೆಳೆದುಕೊಳ್ಳಬೇಕು. ಆದುದರಿಂದ ಈ ಸೀಮೆಯಲ್ಲಿ ಹೂಗಿಡವು ಬರಿಯ ಅಲಂಕಾರವಲ್ಲ, ಬಾವಿಯಂತೆ, ಕೊಟ್ಟಿಗೆಯಂತೆ, ಮನೆಯ ಅಗತ್ಯಗಳಲ್ಲಿ ಒಂದು. ಹೊಸ ಮನೆ ಹೂಡುವವರು ಹೂಗಿಡವನ್ನೂ ಹೂಡಬೇಕಾಗಿತ್ತು.

ಈ ಗಿಡಗಳಲ್ಲಿ ಮೊದಲನೆಯ ಸ್ಥಾನ ದಾಸವಾಳದ್ದು. ಸಂಸ್ಕೃತದಲ್ಲಿ ಇದಕ್ಕೆ ಜಪಾಕುಸುಮವೆಂದು ಹೆಸರು. ಸ್ವೀಡನ್ನಿನ ಲಿನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟಾಗ, ಅದರಲ್ಲಿ ‘ಚೀನಾದ ಗುಲಾಬಿ’ ಎಂಬ ಅರ್ಥವನ್ನು ಅಡಗಿಸಿಟ್ಟನು. ಆದರೆ ಚೀನಾದಲ್ಲಾಗಲಿ ಇಂಡಿಯಾದಲ್ಲಾಗಲಿ ಇದು ಕಾಡಿನಲ್ಲಿ ತಾನಾಗಿ ಬೆಳೆದದ್ದು ಖಚಿತವಾಗಿ ಕಂಡುಬಂದಿಲ್ಲ. ಎಲ್ಲಿ ನೋಡಿದರೂ ಮನುಷ್ಯನ ಮನೆಯ ಬಳಿಯೇ ಇದೆ. ಇದಕ್ಕೆ ಕಾರಣವೂ ಉಂಟು. ನಮ್ಮ ಅಂಗಳಗಳ ದಾಸವಾಳವು ಕಾಯಿ ಕಟ್ಟುವುದು ಬಹಳ ಅಪರೂಪ. ಎಸಳುಗಳು ಒತ್ತಾಗಿರುವ ಮುದ್ದೆ ದಾಸವಾಳದಲ್ಲಂತೂ ಕಾಯಿ ಕಂಡವರೇ ಕಡಮೆ. ಬೀಜವಿಲ್ಲದ ಗಿಡವನ್ನು ಗಾಳಿ ಒಯ್ಯಲಾರದು, ಹಕ್ಕಿ ಒಯ್ಯಲಾರದು, ನೀರೂ ಒಯ್ಯಲಾರದು. ಅದು ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಹೋಗಬೇಕಾದರೆ ಯಾರಾದರೂ ಒಬ್ಬರು ರೆಂಬೆಯನ್ನು ಕಡಿದು, ಕೈಯಲ್ಲಿ ಹಿಡಿದು, ನಡೆದು ಹೋಗಲೇಬೇಕು.

ಈ ಮಾತನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ರೆಂಬೆಯಿಂದ ಆದ ಗಿಡವು ತಾಯಿಗಿಡದ ಮಗುವಲ್ಲ, ಅದೇ ಗಿಡ. ತೀರ್ಥಹಳ್ಳಿಯ ಒಂದು ಮನೆಯ ದಾಸವಾಳವನ್ನು ಸಾಗರದ ಒಂದು ಮನೆಗೆ ಒಯ್ದು ನೆಟ್ಟರೆ, ಎರಡು ಊರುಗಳಲ್ಲಿ ಇರುವುದು ಒಂದೇ ಜೀವದ ಎರಡು ತುಂಡುಗಳು. ಮುತ್ತಜ್ಜಿ ನೆಟ್ಟ ಗಿಡ ಸತ್ತುಹೋಗಿರಬಹುದು, ಆ ಮನೆಯೂ ಬಿದ್ದುಹೋಗಿರಬಹುದು. ಅದರ ರೆಂಬೆಯು ಮೊಮ್ಮಗಳ ಅಂಗಳದಲ್ಲಿ ಇದ್ದರೆ ಆ ಗಿಡ ಇನ್ನೂ ಬದುಕಿದೆ ಎಂದೇ ಹೇಳಬೇಕು. ಹೀಗೆ ಒಂದೊಂದು ದಾಸವಾಳದ ಹಿಂದೆಯೂ ಎಲ್ಲಿಯೂ ಕಡಿಯದ ಒಂದು ಕೈಗಳ ಸಾಲು ಇದೆ. ಆ ಕೈಗಳಲ್ಲಿ ಬಹುಪಾಲು ಹೆಂಗಸರವು. ಶಾಸನಗಳಲ್ಲಿ ಅವರ ಹೆಸರುಗಳಿಲ್ಲ.

ದಾಸವಾಳದ ಜೊತೆಯಲ್ಲಿ ನಿಲ್ಲುವ ಇತರ ಗಿಡಗಳಲ್ಲಿ ಕೆಲವು ಈ ನೆಲದವೇ. ಕೇಪಳ, ಗೊರಟೆ, ಅಬ್ಬಲಿಗೆ ಇಂಥವು. ಕೇಪಳವನ್ನು ಗುಡ್ಡದಲ್ಲಿಯೂ ಕಾಣಬಹುದು, ಅಂಗಳದಲ್ಲಿಯೂ ಕಾಣಬಹುದು. ಆದರೆ ಕೆಲವು ಗಿಡಗಳು ಸಮುದ್ರವನ್ನು ದಾಟಿ ಬಂದುವು. ದೇವಗಣಗಿಲೆಯನ್ನು ನೋಡೋಣ. ಹೆಸರಿನಲ್ಲಿಯೇ ದೇವರಿದ್ದಾನೆ, ದೇವಸ್ಥಾನದ ಪ್ರಾಕಾರದಲ್ಲಿ ಅದಿಲ್ಲದೆ ಶೋಭೆಯಿಲ್ಲ. ಆದರೂ ಅದರ ತವರು ಅಮೆರಿಕಾ ಖಂಡದ ಉಷ್ಣಪ್ರದೇಶ. ರತ್ನಗಂಧಿಯೂ ಅತ್ತ ಕಡೆಯದೇ. ಗಿಡವಲ್ಲದ ಪುಟ್ಟ ಸಸ್ಯಗಳನ್ನು ಸೇರಿಸಿಕೊಂಡರೆ ಚೆಂಡುಹೂವು, ಸಂಜೆಮಲ್ಲಿಗೆ, ಮಲೆನಾಡಿನ ಹೆಣ್ಣುಮಕ್ಕಳಿಗೆ ಅತಿಪ್ರಿಯವಾದ ಡೇರೆ, ಇವೆಲ್ಲವೂ ಅದೇ ಖಂಡದಿಂದ ಬಂದವು. ಕೊಲಂಬಸನು 1492ರಲ್ಲಿ ಆ ದಾರಿಯನ್ನು ತೆರೆಯುವುದಕ್ಕೆ ಮುಂಚೆ ಇವುಗಳಲ್ಲಿ ಒಂದಾದರೂ ನಮ್ಮ ದೇವರ ತಲೆಯನ್ನು ಏರಿರಲಾರದು.

ಈ ಗಿಡಗಳು ಘಟ್ಟವನ್ನು ಹತ್ತಿದ ಕಾಲವನ್ನು ಊಹಿಸುವುದಕ್ಕೆ ಕೆಳದಿಯ ಅರಸರ ಚರಿತ್ರೆ ನೆರವಾಗುತ್ತದೆ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಈ ಸೀಮೆಯ ಮೆಣಸು ಹೊನ್ನಾವರ, ಬಸರೂರು, ಮಂಗಳೂರುಗಳ ಕಡೆಗೆ ಇಳಿಯುತ್ತಿತ್ತು. ಆ ರೇವುಗಳಲ್ಲಿ ಪೋರ್ಚುಗೀಸರ ಹಡಗುಗಳಿದ್ದುವು. ಪಪಾಯಿ, ಅನಾನಸು, ಗೇರು, ಮೆಣಸಿನಕಾಯಿಗಳು ಆ ಹಡಗುಗಳ ಕಾಲದಲ್ಲಿಯೇ ನಮ್ಮ ತೀರಕ್ಕೆ ಬಂದುವೆಂಬುದು ಪ್ರಸಿದ್ಧವಾದ ವಿಷಯ. ಎತ್ತುಗಳು ಮೆಣಸನ್ನು ಹೊತ್ತು ಇಳಿದ ದಾರಿಯಲ್ಲಿಯೇ ಹೊಸ ಗಿಡಗಳೂ ಮೇಲಕ್ಕೆ ಬಂದಿರಬೇಕು. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿಯು 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಘಟ್ಟ ಹತ್ತಿ, ವೆಂಕಟಪ್ಪನಾಯಕನ ಆಸ್ಥಾನವಿದ್ದ ಇಕ್ಕೇರಿಗೆ ಬಂದನು. ಅಲ್ಲಿನ ಬೀದಿಯಲ್ಲಿ ಬಣ್ಣದ ಕೋಲುಗಳನ್ನು ಹಿಡಿದು ಆಡುತ್ತಿದ್ದ ಹೆಣ್ಣುಮಕ್ಕಳು ಹಳದಿಯ ಮತ್ತು ಬಿಳಿಯ ಹೂಗಳನ್ನು ಕಿರೀಟದಂತೆ ಎತ್ತರವಾಗಿ ಮುಡಿದಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಅಷ್ಟು ಹೂವು ದಿನಂಪ್ರತಿ ದೊರೆಯಬೇಕಾದರೆ ಆ ಊರಿನ ಸುತ್ತಲೂ ಹೂದೋಟಗಳಿದ್ದುವೆಂಬುದರಲ್ಲಿ ಸಂದೇಹವಿಲ್ಲ.

ಆ ರಾಜ್ಯದ ರಾಜಧಾನಿಯೂ ಒಂದೆಡೆ ನಿಂತದ್ದಲ್ಲ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ 1640ರ ಸುಮಾರಿಗೆ ಬಿದನೂರಿಗೆ ಅದು ಹೋಯಿತು. ಬಿದನೂರೆಂದರೆ ಬಿದಿರಿನ ಊರು; ಕಾಡಿನ ನಡುವಣ ಆ ಹಳ್ಳಿಯು ಶಿವಪ್ಪನಾಯಕನ ಕಾಲಕ್ಕೆ ಮಹಾನಗರವಾಯಿತು. 1763ರಲ್ಲಿ ಹೈದರಾಲಿಯು ಅದನ್ನು ಹಿಡಿದು ಹೈದರನಗರವೆಂದು ಹೆಸರಿಟ್ಟನು. ಕಾಲಕ್ರಮದಲ್ಲಿ ಅದು ಬರಿಯ ನಗರವಾಗಿ, ಕೊನೆಗೆ ಒಂದು ಸಣ್ಣ ಊರಾಗಿ ಉಳಿಯಿತು. ತಾಲ್ಲೂಕಿನ ಕಚೇರಿಯು ಕಲ್ಲೂರುಕಟ್ಟೆಗೆ ಹೋದಾಗ ಆ ಊರಿಗೆ ಹೊಸನಗರವೆಂಬ ಹೆಸರು ಬಂದಿತು. ಇಕ್ಕೇರಿಯಲ್ಲಿ ಅಘೋರೇಶ್ವರನ ಕಲ್ಲಿನ ಗುಡಿ ನಿಂತಿದೆ, ನಗರದಲ್ಲಿ ಕೋಟೆಯೂ ದೇವಗಂಗೆಯ ಕೊಳಗಳೂ ನಿಂತಿವೆ. ಕಲ್ಲನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ. ಊರು ಬಿಟ್ಟು ಹೋದ ಗೃಹಸ್ಥರು ಒಯ್ಯಬಹುದಾಗಿದ್ದುದು ದೇವರ ಪೆಟ್ಟಿಗೆ, ಪಾತ್ರೆಪಡಗ, ದನಕರು, ಮತ್ತು ಒಂದು ಹಿಡಿ ರೆಂಬೆ.

ಬಿದನೂರನ್ನು ಹಿಡಿದ ಹೈದರನೇ ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಆರಂಭಿಸಿದವನು. ಅದು 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ಅಷ್ಟು ಹೊತ್ತಿಗೆ ಗಿಡಗಳನ್ನು ಸಾಗಿಸುವ ವಿದ್ಯೆಯಲ್ಲಿ ದೊಡ್ಡದೊಂದು ಮಾರ್ಪಾಡು ಆಗಿತ್ತು. ಮುಂಚೆ ಹಡಗಿನಲ್ಲಿ ಒಯ್ದ ಗಿಡಗಳಲ್ಲಿ ಬಹುಪಾಲು ಉಪ್ಪುಗಾಳಿಯಿಂದಲೂ ಸಿಹಿನೀರಿನ ಅಭಾವದಿಂದಲೂ ಸಾಯುತ್ತಿದ್ದುವು. ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯನು 1829ರಲ್ಲಿ, ಮುಚ್ಚಿದ ಗಾಜಿನ ಪಾತ್ರೆಯೊಳಗೆ ಒಂದು ಸಸ್ಯವು ನೀರಿಲ್ಲದೆಯೇ ಬೆಳೆಯುತ್ತಿದ್ದುದನ್ನು ಕಂಡನು. ಎಲೆಗಳು ಬಿಟ್ಟ ಆವಿಯು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಬೀಳುತ್ತಿತ್ತು. ಅವನು ಮಾಡಿಸಿದ ಗಾಜಿನ ಪೆಟ್ಟಿಗೆಗಳು 1833ರಲ್ಲಿ ಗಿಡಗಳನ್ನು ಜೀವಂತವಾಗಿ ಆಸ್ಟ್ರೇಲಿಯಾಕ್ಕೆ ಒಯ್ದುವು. ಆಮೇಲೆ ಲೋಕದ ಉದ್ಯಾನಗಳೆಲ್ಲ ಒಂದರ ಗಿಡವನ್ನು ಇನ್ನೊಂದು ಪಡೆಯುವಂತಾಯಿತು. ಲಾಲ್‌ಬಾಗಿನಲ್ಲಿ 1908ರಿಂದ 1932ರ ವರೆಗೆ ಇದ್ದ ಕ್ರುಂಬಿಗೆಲ್ ಅವರು 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘವನ್ನು ಸ್ಥಾಪಿಸಿದರು. ಫಲಪುಷ್ಪ ಪ್ರದರ್ಶನಗಳ ಮೂಲಕ ನಗರವಾಸಿಗಳಿಗೆ ಹೊಸ ಗಿಡಗಳ ರುಚಿ ಹತ್ತಿತು.

ಎಲ್ಲ ವಲಸೆಯೂ ಹಿತವಾಗಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಲಂಟಾನವೂ ಒಂದು ಹೂಗಿಡವೇ. ಬೇಲಿಗೆ ಅಂದವಾಗಿರುತ್ತದೆಂದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅದರ ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದುವು. ಈಗ ಇಂಡಿಯಾದೇಶದ ಕಾಡುಗಳಲ್ಲಿ ಅದು ಹಬ್ಬದ ಸೀಮೆ ಕಡಮೆ. ಅದರ ಪೊದೆಯ ಕೆಳಗೆ ಹುಲ್ಲೂ ಏಳುವುದಿಲ್ಲ, ಮರದ ಸಸಿಯೂ ಏಳುವುದಿಲ್ಲ. ದಾಸವಾಳಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಒಂದು ಮನುಷ್ಯನ ಕೈಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರದು. ಇನ್ನೊಂದು ಒಮ್ಮೆ ಕೈಬಿಟ್ಟರೆ ಮತ್ತೆ ಯಾರ ಕೈಗೂ ಸಿಕ್ಕುವುದಿಲ್ಲ. ಹೊಸ ಗಿಡವನ್ನು ತರುವವನು ಅದರ ಹೂವನ್ನಷ್ಟೇ ನೋಡಿದರೆ ಸಾಲದು, ಅದರ ಕಾಯಿಯನ್ನೂ ನೋಡಬೇಕು.

ಇನ್ನು ಗಿಡವನ್ನು ಕಿತ್ತು ನೆಡುವ ಕ್ರಮ. ಮಲೆನಾಡಿನವರು ಇದನ್ನು ಪುಸ್ತಕದಿಂದ ಕಲಿತವರಲ್ಲ, ಮಳೆಯಿಂದ ಕಲಿತವರು. ರೆಂಬೆ ನೆಡುವುದಾದರೆ—ಆ ಕಡೆಯ ಮಾತಿನಲ್ಲಿ ಗೆಲ್ಲು—ತೀರ ಎಳೆಯದೂ ಅಲ್ಲದ, ತೀರ ಮುದಿಯಾದುದೂ ಅಲ್ಲದ, ಕಿರುಬೆರಳಿನಷ್ಟು ದಪ್ಪನೆಯ ರೆಂಬೆಯನ್ನು ಗೇಣುದ್ದಕ್ಕೆ ಓರೆಯಾಗಿ ಕಡಿಯಬೇಕು. ಕಡಿದ ಜಾಗವು ಗಿಣ್ಣಿನ ಕೆಳಗೇ ಇರಬೇಕು, ಏಕೆಂದರೆ ಬೇರು ಹೊರಡುವುದು ಗಿಣ್ಣಿನಿಂದ. ಎಲೆಗಳಲ್ಲಿ ತುದಿಯ ಎರಡು ಮೂರನ್ನು ಮಾತ್ರ ಉಳಿಸಬೇಕು. ಎರಡು ಗಿಣ್ಣುಗಳು ಮಣ್ಣಿನೊಳಗೆ ಹೋಗುವಂತೆ ಊರಬೇಕು. ಮೃಗಶಿರೆಯ ಮಳೆ ಹಿಡಿದು ನೆಲವು ಮೆತ್ತಗಾದ ಹೊತ್ತು ಇದಕ್ಕೆ ಪ್ರಶಸ್ತ.

ಬೆಳೆದ ಗಿಡವನ್ನೇ ಎಬ್ಬಿಸುವುದಾದರೆ ಕೆಲಸ ಹೆಚ್ಚು, ತಾಳ್ಮೆಯೂ ಹೆಚ್ಚು ಬೇಕು. ಗಿಡವು ನೀರು ಕುಡಿಯುವುದು ಕಣ್ಣಿಗೆ ಕಾಣುವ ದಪ್ಪನೆಯ ಬೇರಿನಿಂದಲ್ಲ. ಅದರ ತುದಿಯಲ್ಲಿರುವ ಕೂದಲಿನಂಥ ಎಳೆಬೇರುಗಳಿಂದ. ಎಷ್ಟು ಜಾಗರೂಕತೆಯಿಂದ ಅಗೆದರೂ ಅವುಗಳಲ್ಲಿ ಬಹುಭಾಗ ಹಳೆಯ ಗುಂಡಿಯಲ್ಲಿಯೇ ಉಳಿದುಹೋಗುತ್ತದೆ. ಆದುದರಿಂದ ಬಲ್ಲವರು ಒಂದೆರಡು ತಿಂಗಳ ಮೊದಲೇ ಗಿಡದ ಸುತ್ತಲೂ ಮೊಳದಷ್ಟು ದೂರದಲ್ಲಿ ವೃತ್ತಾಕಾರವಾಗಿ ಗುದ್ದಲಿಯಿಂದ ಕಡಿದು ಬಿಡುತ್ತಾರೆ. ಕಡಿದ ಬೇರುಗಳು ಆ ವೃತ್ತದ ಒಳಗೆ ಹೊಸ ಎಳೆಬೇರುಗಳನ್ನು ಬಿಡುತ್ತವೆ. ಆಮೇಲೆ ಆ ಮಣ್ಣಿನ ಮುದ್ದೆಯನ್ನು ಒಡೆಯದಂತೆ ಎಬ್ಬಿಸಿ, ಅಡಿಕೆಯ ಹಾಳೆಯಲ್ಲಿ ಸುತ್ತಿ, ಬಾಳೆಯ ನಾರಿನಿಂದ ಬಿಗಿದು ಒಯ್ಯುತ್ತಾರೆ. ಬೇರು ಎಷ್ಟು ಕಡಮೆಯಾಯಿತೋ ಮೇಲಿನ ಕೊಂಬೆಗಳನ್ನೂ ಅಷ್ಟೇ ಕತ್ತರಿಸಬೇಕು. ಹೂಬಿಟ್ಟ ಕೊಂಬೆಯನ್ನು ಕತ್ತರಿಸಲು ಮನಸ್ಸು ಬಾರದು. ಆದರೆ ಕುಡಿಯುವ ಬಾಯಿ ಕಡಮೆಯಾದ ಗಿಡವು ಅಷ್ಟೂ ಎಲೆಗಳಿಗೆ ನೀರನ್ನು ಒದಗಿಸಲಾರದೆ ಬಾಡುತ್ತದೆ.

ಕಾಲದ ವಿಷಯದಲ್ಲಿಯೂ ಒಂದು ಸೂಕ್ಷ್ಮವುಂಟು. ಬೇಸಗೆಯಲ್ಲಿ ಒಯ್ದರೆ ಒಣಗುತ್ತದೆಂಬುದು ಎಲ್ಲರಿಗೂ ಗೊತ್ತು. ಮಲೆನಾಡಿನಲ್ಲಿ ಜಡಿಮಳೆಯಲ್ಲಿ ಒಯ್ದರೂ ಸಾಯುತ್ತದೆ. ಜಂಬಿಟ್ಟಿಗೆಯ ನೆಲದಲ್ಲಿ ತೋಡಿದ ಗುಂಡಿಯು ಪುನರ್ವಸು ಪುಷ್ಯ ಮಳೆಗಳಲ್ಲಿ ಬಾವಿಯಂತೆ ತುಂಬಿ ನಿಲ್ಲುತ್ತದೆ. ಗಾಯವಾದ ಬೇರುಗಳು ಅದರೊಳಗೆ ಕೊಳೆಯುತ್ತವೆ. ಆದುದರಿಂದ ಮಳೆಯ ಆರ್ಭಟ ಇಳಿದ ಉತ್ತರೆ ಹಸ್ತೆಗಳ ಹೊತ್ತಿಗೆ ಈ ಕೆಲಸವನ್ನು ಇಟ್ಟುಕೊಳ್ಳುವುದು ಲೇಸು. ಗುಂಡಿಯಿಂದ ನೀರು ಹರಿದುಹೋಗಲು ಒಂದು ಸಣ್ಣ ಕಾಲುವೆ ಬೇಕು. ಗಿಡವು ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿರಬೇಕು. ಬುಡಕ್ಕೆ ಒಣಗಿದ ಎಲೆಗಳ ಹೊದಿಕೆ, ಮೇಲೆ ಒಂದೆರಡು ವಾರ ಸೊಪ್ಪಿನ ನೆರಳು. ಬೇರು ಹಿಡಿಯುವ ತನಕ ಗೊಬ್ಬರ ಹಾಕಬಾರದು. ಎಲೆಗಳೆಲ್ಲ ಉದುರಿದರೂ ಕಿತ್ತು ಬಿಸುಡಬಾರದು. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸುರು ಇದ್ದರೆ ಕಾಯಬೇಕು.

ಹೀಗೆ ಒಯ್ಯುವ ಅವಕಾಶಗಳು ಮಲೆನಾಡಿನ ಬಾಳಿನಲ್ಲಿ ಬೇಕಾದಷ್ಟು. ತವರಿಗೆ ಬಂದ ಮಗಳು ಹಿಂದಿರುಗುವಾಗ ಉಪ್ಪಿನಕಾಯಿಯ ಭರಣಿಯೊಡನೆ ಒಂದು ರೆಂಬೆಯೂ ಹೋಗುತ್ತದೆ. ಮದುವೆಗೋ ಶ್ರಾದ್ಧಕ್ಕೋ ನೆಂಟರ ಮನೆಗೆ ಹೋದ ಹೆಂಗಸರು, ಊಟವಾದ ಮೇಲೆ ಅಂಗಳದಲ್ಲಿ ಒಂದು ಸುತ್ತು ತಿರುಗದೆ ಹೊರಡುವವರಲ್ಲ. ಕೇಳಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆಂಬ ನಂಬಿಕೆಯೂ ಉಂಟು. ಕಳವಿಗೆ ಒಳಗಾದ ಮನೆಯವರು ಅದನ್ನು ಕಂಡೂ ಕಾಣದಂತೆ ಇರುವುದೇ ಮರ್ಯಾದೆ. ಗಿಡವನ್ನು ಕರೆಯುವಾಗ ಜಾತಿಯ ಹೆಸರಿಗಿಂತ ಅದು ಬಂದ ಊರಿನ ಅಥವಾ ಕೊಟ್ಟವರ ಹೆಸರು ಮುಂದಾಗಿ ಬರುವುದುಂಟು. ದಾಸವಾಳದ ಎಲೆಯ ಗೊಂಪಿನಿಂದ ತಲೆ ಮೀಯುವ ಹೆಂಗಸರಿಗೆ, ಯಾವ ಮನೆಯ ಗಿಡದ ಎಲೆ ಹೆಚ್ಚು ಲೋಳೆಯೆಂಬುದೂ ಗೊತ್ತಿರುತ್ತದೆ.

ಈ ಕ್ರಮವನ್ನೆಲ್ಲ ಇಷ್ಟು ವಿವರವಾಗಿ ಹೇಳಿದ್ದಕ್ಕೆ ಒಂದು ಕಾರಣವಿದೆ. ಇಪ್ಪತ್ತನೆಯ ಶತಮಾನದ ನಡುವೆ ಇದೇ ಸೀಮೆಯಲ್ಲಿ ಗಿಡಗಳನ್ನಲ್ಲ, ಊರುಗಳನ್ನೇ ಎಬ್ಬಿಸಬೇಕಾಯಿತು. ಜೋಗದ ವಿದ್ಯುತ್ತಿಗಾಗಿ ಮಡೆನೂರಿನ ಬಳಿ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. 1948ರಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. ಅದು ಸಾಲದೆ ಬಂದು, ಇನ್ನೂ ದೊಡ್ಡದಾದ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಅದರ ನೀರಿನ ಮಟ್ಟ ಸಮುದ್ರದಿಂದ 1,819 ಅಡಿ. ಆ ನೀರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು. ಸಾಗರ ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು, ಗದ್ದೆಗಳು, ತಲೆಮಾರುಗಳ ಅಡಿಕೆಯ ತೋಟಗಳು, ಅವುಗಳ ಅಂಗಳಗಳು ಎಲ್ಲವೂ ಮುಳುಗಿದುವು. ನಾಡಿಗೆ ಬೆಳಕು ಬಂದಿತು. ಬೆಂಗಳೂರು ಮೈಸೂರುಗಳ ದೀಪಗಳು ಬಹುಕಾಲ ಉರಿದದ್ದು ಮುಖ್ಯವಾಗಿ ಆ ನೀರಿನಿಂದ. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಎಬ್ಬಿಸಿದ ಕ್ರಮ ಎಂಥದು? ಅಲ್ಲಿನ ಕುಟುಂಬಗಳನ್ನು ಅದೇ ಜಿಲ್ಲೆಯ ಬೇರೆ ಬೇರೆ ಕಾಡುನೆಲಗಳಿಗೆ ಕಳುಹಿಸಿದರು. ಜೌಗು ಕಣಿವೆಯಲ್ಲಿ ಅಡಿಕೆ ಬೆಳೆದವರಲ್ಲಿ ಕೆಲವರಿಗೆ ಒಣಸೀಮೆಯ ಅಂಚು ದೊರೆಯಿತು. ಒಟ್ಟಿಗಿದ್ದ ಊರುಗಳು ಚದರಿದುವು. ಭೂಮಿಯ ಹಕ್ಕುಪತ್ರದ ಪ್ರಶ್ನೆಯು ಆರು ದಶಕಗಳು ಕಳೆದರೂ ಎಷ್ಟೋ ಮನೆಗಳಿಗೆ ತೀರಿರಲಿಲ್ಲ. ಸಾಗರದ ಲೇಖಕ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಎಂಬ ತಮ್ಮ ಕಾದಂಬರಿಗಳಲ್ಲಿ ಈ ದುಃಖವನ್ನೇ ವಸ್ತುವಾಗಿ ಮಾಡಿಕೊಂಡರು. ಎರಡನೆಯದನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿ ತಂದರು. ಮಳೆ ಕಡಮೆಯಾದ ವರ್ಷಗಳ ಬೇಸಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಹಳೆಯ ಅಣೆಕಟ್ಟೂ ಮರಗಳ ಬೊಡ್ಡೆಗಳೂ ಹೊರಕ್ಕೆ ಕಾಣುತ್ತವೆ. ಕಲ್ಲು ಉಳಿಯಿತು, ಗಟ್ಟಿಮರದ ಬೊಡ್ಡೆ ಉಳಿಯಿತು. ಹೂಗಿಡಗಳಲ್ಲಿ ಉಳಿದಿರುವುದು ಹೊರಡುವ ದಿನ ಯಾರಾದರೂ ಕಡಿದು ಒಯ್ದ ರೆಂಬೆಯಷ್ಟೇ.

ಒಂದು ದಾಸವಾಳವನ್ನು ಎಬ್ಬಿಸುವುದಕ್ಕೆ ಮುಂಚೆ ಮಲೆನಾಡಿನ ಗೃಹಿಣಿಯು ಎರಡು ತಿಂಗಳ ಮೊದಲೇ ಸಿದ್ಧತೆ ಮಾಡುತ್ತಾಳೆ. ಬೇರಿನೊಡನೆ ಹಳೆಯ ಮಣ್ಣನ್ನೂ ಒಯ್ಯುತ್ತಾಳೆ. ಹೊಸ ಎಡೆಯ ನೆಲ ನೀರುಗಳನ್ನು ಮೊದಲು ನೋಡಿಕೊಳ್ಳುತ್ತಾಳೆ. ನೆಟ್ಟಮೇಲೆ ನೆರಳು ಕಟ್ಟಿ, ಚಿಗುರುವ ತನಕ ಕಾಯುತ್ತಾಳೆ. ಮನುಷ್ಯರನ್ನು ಎಬ್ಬಿಸುವ ಕಚೇರಿಗಳು ಇಷ್ಟನ್ನು ಮಾಡಿದ್ದರೆ ಶರಾವತಿಯ ದಂಡೆಯವರ ಕಷ್ಟದಲ್ಲಿ ಎಷ್ಟೋ ಭಾಗ ಕಡಮೆಯಾಗುತ್ತಿತ್ತು. ಹಳೆಯ ಮಣ್ಣೆಂದರೆ ನೆರೆಹೊರೆ. ನೆರಳೆಂದರೆ ಮೊದಲ ಕೆಲವು ಬೆಳೆಗಳು ಬರುವ ತನಕ ಸಲ್ಲಬೇಕಾದ ನೆರವು. ನೆಲವನ್ನು ನೋಡಿಕೊಳ್ಳುವುದೆಂದರೆ ಕೊಟ್ಟ ಭೂಮಿಯ ಹಕ್ಕನ್ನು ಬರೆದು ಕೊಡುವುದು. ಇವುಗಳಲ್ಲಿ ಯಾವುದೂ ಅಸಾಧ್ಯವಾದುದಾಗಿರಲಿಲ್ಲ. ಮುಂದೆಯೂ ಅಣೆಕಟ್ಟುಗಳು, ಹೆದ್ದಾರಿಗಳು, ವಿದ್ಯುತ್ತಿನ ಯೋಜನೆಗಳು ಬರುತ್ತಲೇ ಇರುವುದರಿಂದ ಈ ಮಾತು ಹಳೆಯದಾಗಿಲ್ಲ.

ನಗರಗಳಲ್ಲಿ ವಾಸಮಾಡುತ್ತಿರುವ ಶ್ರೋತೃಗಳಲ್ಲಿ ಅನೇಕರ ಹಿರಿಯರು ಈ ಮೂರು ತಾಲ್ಲೂಕುಗಳಿಂದ ಬಂದವರಿರಬಹುದು. ಅಂಥವರಲ್ಲಿ ನನ್ನದೊಂದು ಬಿನ್ನಹ. ಊರಿಗೆ ಹೋದಾಗ ಅಂಗಳದ ಗಿಡಗಳು ಯಾವ ಯಾವ ಮನೆಯಿಂದ, ಯಾರ ಕೈಯಿಂದ ಬಂದುವೆಂಬುದನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಮುಳುಗಡೆಯ ಊರಿನಿಂದ ಬಂದ ಗಿಡವಿದ್ದರೆ ಆ ಊರಿನ ಹೆಸರನ್ನು ತಪ್ಪದೆ ಬರೆಯಬೇಕು. ಬರುವ ಮೃಗಶಿರೆಯಲ್ಲಿ ಅದರಿಂದ ನಾಲ್ಕು ರೆಂಬೆಗಳನ್ನು ತಂದು, ಒಂದನ್ನು ತಾವು ನೆಟ್ಟು, ಉಳಿದ ಮೂರನ್ನು ನೆರೆಹೊರೆಯವರಿಗೆ ಕೊಡಬೇಕು. ನಗರದ ಮನೆಯಲ್ಲಿ ನೆಲವಿಲ್ಲದಿದ್ದರೆ ಕುಂಡವೂ ಆದೀತು. ಅದರ ತಳದಲ್ಲಿ ನೀರು ಹರಿದುಹೋಗಲು ತೂತು ಇದ್ದರೆ ಸಾಕು.